ಡಾರ್ವಿನ್ನನ ಇನ್‌ಬಾಕ್ಸ್

ಮೂರು ತಿಂಗಳಿಗೊಮ್ಮೆ ಯಾರಾದರೂ ಒಬ್ಬರು ನನಗೆ ಅದೇ ಪೋಸ್ಟ್ ಕಳಿಸ್ತಾರೆ. ಹಳ್ಳಿ ಮನೆ, ಹಸಿರು ತೋಟ, ಬಿಳಿ ಗಡ್ಡದ ಅಜ್ಜ. ಕೆಳಗಡೆ ಉಪದೇಶ: ಡಾರ್ವಿನ್ ದಿನಕ್ಕೆ ನಾಲ್ಕೇ ಗಂಟೆ ಕೆಲಸ ಮಾಡಿದ, ಅವನಿಗೆ ಮೀಟಿಂಗ್ ಇರಲಿಲ್ಲ, ಇಮೇಲ್ ಇರಲಿಲ್ಲ, ಅದಕ್ಕೇ ಜಗತ್ತನ್ನು ಬದಲಿಸಿದ. ನೀವೂ ನೋಟಿಫಿಕೇಶನ್ ಆಫ್ ಮಾಡಿ, ಒಂಟಿಯಾಗಿ ಕೂತು ಯೋಚಿಸಿ. ಕಳಿಸುವವರು ಸಾಮಾನ್ಯವಾಗಿ ನಮ್ಮ ಮೇಲಧಿಕಾರಿಗಳು. ಅದೇ ಸಂಜೆ ಆರೂವರೆಗೆ ಮೀಟಿಂಗ್ ಇಡುವವರೂ ಅವರೇ.

ಮೊದಮೊದಲು ನಗು ಬರ್ತಿತ್ತು. ಈಗ ಸಿಟ್ಟು ಬರುತ್ತೆ. ಯಾಕಂದ್ರೆ ಇದು ಬರೀ ಸುಳ್ಳಲ್ಲ, ತಲೆಕೆಳಗಾದ ಸುಳ್ಳು. ಒಂಟಿಯಾಗಿ ಕೂತು ಯೋಚಿಸಿದ ಮನುಷ್ಯನ ಉದಾಹರಣೆ ಬೇಕಿದ್ದರೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ. ಡಾರ್ವಿನ್ನನನ್ನು ಬಿಟ್ಟುಬಿಡಿ. ಅವನಷ್ಟು ಕಾಗದ ಬರೆದವರು, ಅವನಷ್ಟು ಜನರನ್ನು ಪ್ರಶ್ನೆ ಕೇಳಿ ಪೀಡಿಸಿದವರು ವಿಜ್ಞಾನದ ಚರಿತ್ರೆಯಲ್ಲಿ ಬೆರಳೆಣಿಕೆಯಷ್ಟು. ಇವತ್ತು ಸಿಕ್ಕಿರುವ, ಅವನು ಬರೆದ ಮತ್ತು ಅವನಿಗೆ ಬಂದ ಪತ್ರಗಳೇ 15,000ಕ್ಕೂ ಹೆಚ್ಚು. ಎದುರಿನ ಕಡೆ ಇದ್ದವರು ಸುಮಾರು 2,000 ಜನ. ಇವನ್ನೆಲ್ಲ ಸಂಪಾದಿಸಿ ಅಚ್ಚು ಹಾಕುವ ಕೆಲಸ 1974ರಲ್ಲಿ ಶುರುವಾಯಿತು. ಮೂವತ್ತು ಸಂಪುಟ ಮುಗಿಯುವ ಹೊತ್ತಿಗೆ ಹತ್ತಿರ ಹತ್ತಿರ ಐವತ್ತು ವರ್ಷ ಕಳೆದಿತ್ತು. ಕಾಗದ ಬರೆಯೋಕೆ ಅವನು ತಗೊಂಡದ್ದಕ್ಕಿಂತ ಅದನ್ನು ಓದಿ ಜೋಡಿಸೋಕೆ ಇವರು ತಗೊಂಡ ಸಮಯ ಅಷ್ಟೇನೂ ಕಡಿಮೆಯಲ್ಲ!

ಅವನ ದಿನಚರಿ ಮಗ ಫ್ರಾನ್ಸಿಸ್ ಬರೆದಿಟ್ಟಿದ್ದಾನೆ. ಬೆಳಗ್ಗೆ ಒಂಬತ್ತೂವರೆಗೆ ಕೆಲಸ ನಿಲ್ಲಿಸಿ ಡ್ರಾಯಿಂಗ್ ರೂಮಿಗೆ ಬಂದು ಟಪಾಲು ನೋಡೋದು. ಮಧ್ಯಾಹ್ನ ಊಟ ಆಗಿ ಪೇಪರ್ ಓದಿದ ಮೇಲೆ ಬೆಂಕಿಯ ಪಕ್ಕದ ದೊಡ್ಡ ಕುರ್ಚಿಯಲ್ಲಿ ಕೂತು, ಕೈಗಳಿಗೆ ಅಡ್ಡಲಾಗಿ ಹಲಗೆ ಇಟ್ಟುಕೊಂಡು ಉತ್ತರ ಬರೆಯೋದು. ಪೆದ್ದ ಪ್ರಶ್ನೆ ಕೇಳಿದವರಿಗೂ ಉತ್ತರ. ಬರೆಯದೇ ಬಿಟ್ಟರೆ ಮನಸ್ಸಿಗೆ ಚುಚ್ಚುತ್ತಿತ್ತಂತೆ. ತಲೆ ತಿನ್ನುವವರಿಗೆ ಕಳಿಸೋಕೆ ಅಂತ ಒಂದು ಅಚ್ಚು ಹಾಕಿಸಿದ ಉತ್ತರವನ್ನೇ ಮಾಡಿಸಿಟ್ಟಿದ್ದ, ನಮ್ಮ ಆಟೋ ರಿಪ್ಲೈ ಥರ. ಆದರೆ ಅದನ್ನು ಬಳಸಿದ್ದೇ ಅಪರೂಪ.

ಇನ್ನೊಂದು ಜಾತಿಯ ಭಾವುಕರು ಇದ್ದಾರೆ. 'ಆಗ ಕಾಗದ ನಿಧಾನ ಹೋಗ್ತಿತ್ತು, ಯೋಚಿಸೋಕೆ ಸಮಯ ಸಿಗ್ತಿತ್ತು, ಈಗ ಎಲ್ಲ ಗಡಿಬಿಡಿ' ಅನ್ನೋರು. ಇವರಿಗೆ ವಿಕ್ಟೋರಿಯಾ ಕಾಲ ಅಂದರೆ ಮೇಣದ ಬತ್ತಿ, ಹಂಸದ ಗರಿ, ಉದ್ದನೆಯ ನಿಟ್ಟುಸಿರು. ಸ್ವಾಮಿ, 1840ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಬಂತು. ಅದಕ್ಕೆ ಮುಂಚೆ ದೂರಕ್ಕೆ ತಕ್ಕ ಹಾಗೆ ದರ, ಅದನ್ನೂ ಸಾಮಾನ್ಯವಾಗಿ ಕಾಗದ ಪಡೆದವನೇ ಕೊಡಬೇಕು. ಆಮೇಲೆ ಅರ್ಧ ಔನ್ಸಿನ ಕಾಗದ ದೇಶದ ಯಾವ ಮೂಲೆಗಾದರೂ ಒಂದೇ ಪೆನ್ನಿ. ನಮ್ಮಲ್ಲೂ 1854ರಲ್ಲಿ ದೂರ ಎಷ್ಟೇ ಇರಲಿ ಅರ್ಧ ಆಣೆ ಅಂತಾಯ್ತು. ಲಂಡನ್ನಿನೊಳಗೆ ದಿನಕ್ಕೆ ಆರರಿಂದ ಹನ್ನೆರಡು ಸಲ ಟಪಾಲು ಬಟವಾಡೆ ಆಗುತ್ತಿತ್ತು. ಬೆಳಗ್ಗೆ ಪ್ರಶ್ನೆ ಕಳಿಸಿ ಸಂಜೆಯೊಳಗೆ ಉತ್ತರ ಪಡೆದು, ಅದಕ್ಕೆ ಮರುತ್ತರವನ್ನೂ ಹಾಕಬಹುದಿತ್ತು. ಅವರಿಗೂ ಗಡಿಬಿಡಿ ಇತ್ತು. ಈಗಿನವರು ಇಂಟರ್‌ನೆಟ್ ಬೈದ ಹಾಗೆ ಅವರೂ ಅಂಚೆಯನ್ನು ಬೈದುಕೊಂಡೇ ಬರೆದರು.

ಹಾಗಾದರೆ ಆ ಕಾಗದಗಳಲ್ಲಿ ಇದ್ದದ್ದಾದರೂ ಏನು? ನಮ್ಮ ಮೇಲ್‌ಗಳಲ್ಲಿ ಇಲ್ಲದ್ದು ಏನಿತ್ತು?

ಒಂದು ಪಾರಿವಾಳದ ಕತೆ ಹೇಳ್ತೀನಿ. ಇದು ನಮ್ಮೂರಿಗೂ ಸಂಬಂಧಪಟ್ಟದ್ದು.

ಕಿತ್ತೂರಿನ ಯುದ್ಧ ಶಾಲೆಯಲ್ಲಿ ಓದಿದ್ದೀವಲ್ಲ. 1824ರ ಅಕ್ಟೋಬರ್, ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಅವನ ಇಬ್ಬರು ಸಹಾಯಕರು ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆ ಸಿಕ್ಕರು. ಸ್ಟೀವನ್‌ಸನ್ ಮತ್ತು ಎಲಿಯಟ್. ಪಾಠ ಅಲ್ಲಿಗೆ ನಿಲ್ಲುತ್ತೆ. ಆ ಎಲಿಯಟ್ ಅಂದರೆ ವಾಲ್ಟರ್ ಎಲಿಯಟ್, ಆಗ ಇಪ್ಪತ್ತೊಂದರ ಹುಡುಗ. ಬಿಡುಗಡೆಯಾಗಿ ಬಂದವನು ಊರಿಗೆ ಓಡಿಹೋಗಲಿಲ್ಲ. ನಮ್ಮ ಕಡೆಯ ಕಲ್ಲುಶಾಸನಗಳ ಬೆನ್ನು ಹತ್ತಿ ನೂರಾರು ಶಾಸನಗಳನ್ನು ನಕಲು ಮಾಡಿಸಿದ. ನಾಣ್ಯ ಕೂಡಿಸಿದ, ಪ್ರಾಣಿಪಕ್ಷಿಗಳ ಬಗ್ಗೆ ಬರೆದ. ಆಮೇಲೆ ಮದ್ರಾಸಿನಲ್ಲಿ ದೊಡ್ಡ ಅಧಿಕಾರಿಯಾದ.

1856ರ ಶುರುವಿನಲ್ಲಿ ಅವನಿಗೆ ಡಾರ್ವಿನ್ನನಿಂದ ಕಾಗದ ಬರುತ್ತೆ. ವಿಷಯ: ನಿಮ್ಮಲ್ಲಿ ಸಾಕುವ ಪಾರಿವಾಳ, ಕೋಳಿಗಳ ಚರ್ಮ ಕಳಿಸಿಕೊಡಲು ಆಗುತ್ತದೆಯೇ? ಭಾರತದ ಪಾರಿವಾಳಗಳಲ್ಲಿ ಎಷ್ಟು ಬಗೆ, ಎಷ್ಟು ವ್ಯತ್ಯಾಸ ಅಂತ ಅವನಿಗೆ ನೋಡಬೇಕಿತ್ತು. ಮನುಷ್ಯ ಆರಿಸಿ ಆರಿಸಿ ತಳಿ ಬೆಳೆಸಿದರೆ ಒಂದೇ ಕಾಡುಪಾರಿವಾಳದಿಂದ ಇಷ್ಟೆಲ್ಲ ರೂಪ ಬರುತ್ತದೆ ಎಂದಾದರೆ, ನಿಸರ್ಗ ಲಕ್ಷಾಂತರ ವರ್ಷ ಆರಿಸಿದರೆ ಏನಾಗಬಹುದು? ವಾದದ ಮೊದಲ ಮೆಟ್ಟಿಲೇ ಪಾರಿವಾಳ. ಎಲಿಯಟ್ ಕಳಿಸಿದ. 1859ರ ನವೆಂಬರಿನಲ್ಲಿ 'ಆನ್ ದಿ ಒರಿಜಿನ್ ಆಫ್ ಸ್ಪೀಷೀಸ್' ಬಂದಾಗ ಮೊದಲ ಅಧ್ಯಾಯದಲ್ಲೇ ಭಾರತದಿಂದ ಚರ್ಮ ಕಳಿಸಿದ ಎಲಿಯಟ್ಟನಿಗೆ ಹೆಸರು ಹೇಳಿ ಕೃತಜ್ಞತೆ ಇದೆ. ಕಿತ್ತೂರಿನ ಸೆರೆಯಾಳು ಜಗತ್ತನ್ನು ಅಲುಗಾಡಿಸಿದ ಪುಸ್ತಕದ ಮೊದಲ ಅಧ್ಯಾಯಕ್ಕೆ ಹೀಗೆ ಬಂದು ಕೂತ.

ಆ ಕಾಗದದಲ್ಲಿ ನನಗೆ ಮುಖ್ಯ ಅನ್ನಿಸುವುದು ಕೇಳುವ ರೀತಿ. ಆ ಹೊತ್ತಿಗೆ ಡಾರ್ವಿನ್ ಸಣ್ಣವನಲ್ಲ. ಬೀಗಲ್ ಹಡಗಿನ ಪ್ರವಾಸಕಥನದಿಂದ ಹೆಸರಾದವನು, ರಾಯಲ್ ಸೊಸೈಟಿಯ ಪದಕ ಪಡೆದವನು. ಆದರೂ ನನಗೆ ಗೊತ್ತಿಲ್ಲ, ನಿಮಗೆ ಗೊತ್ತು, ಹೇಳಿಕೊಡಿ ಅಂತ ಬರೀತಾನೆ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಮ್ಮಿನಲ್ಲಿ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದ ಎಡ್ವರ್ಡ್ ಬ್ಲೈತ್‌ಗೂ ಹೀಗೇ ಬರೆದ. ಬ್ಲೈತ್ ಪುಟಗಟ್ಟಲೆ ಟಿಪ್ಪಣಿ ಬರೆದು ಕಳಿಸಿದ. ಲಂಡನ್ನಿನ ಪಾರಿವಾಳ ಸಾಕುವವರ ಕ್ಲಬ್ಬಿಗೆ ತಾನೇ ಹೋಗಿ ಸದಸ್ಯನಾದ. ತೋಟಗಾರಿಕೆಯ ಪತ್ರಿಕೆಗಳಲ್ಲಿ ಪ್ರಶ್ನೆ ಹಾಕಿದ. ಮುಖಭಾವಗಳ ಬಗ್ಗೆ ಪುಸ್ತಕ ಬರೆಯುವಾಗ ಪ್ರಶ್ನಾವಳಿ ಅಚ್ಚು ಹಾಕಿಸಿ ದೇಶದೇಶಗಳಿಗೆ ಕಳಿಸಿದ.

ಈಗ ನಮ್ಮ ಆಫೀಸುಗಳನ್ನು ನೋಡಿ. ಹತ್ತು ವರ್ಷ ಅನುಭವ ಇರುವವರು ಎಲ್ಲರಿಗೂ ಕಾಣುವ ಹಾಗೆ 'ನನಗೆ ಇದು ಅರ್ಥ ಆಗಲಿಲ್ಲ' ಅಂತ ಬರೆದ ಒಂದು ಮೇಲ್ ತೋರಿಸಿ ನೋಡೋಣ. ಸಿಗಲ್ಲ. 'ಅಲೈನ್ ಆಗೋಣ', 'ಸರ್ಕಲ್ ಬ್ಯಾಕ್ ಮಾಡ್ತೀನಿ', 'ಆ್ಯಸ್ ಪರ್ ಮೈ ಲಾಸ್ಟ್ ಮೇಲ್' ಇವು ಸಿಗುತ್ತವೆ. ಈ ಕೊನೆಯದಂತೂ ಬೈಗುಳ, ಟೈ ಕಟ್ಟಿಕೊಂಡು ಬಂದಿದೆ ಅಷ್ಟೆ. ಗೊತ್ತಿಲ್ಲದ್ದನ್ನು ಕೇಳೋದಕ್ಕೆ ಬರೆಯುವವರು ಕಡಿಮೆ. ನಾಳೆ ಏನಾದರೂ ಆದರೆ ನನ್ನ ತಪ್ಪಲ್ಲ ಅಂತ ತೋರಿಸೋದಕ್ಕೆ ಬರೆಯುವವರೇ ಎಲ್ಲ.

ಇಲ್ಲಿ ಜಾನ್ ಸ್ಕಾಟ್‌ನ ವಿಷಯ ಹೇಳಲೇಬೇಕು. ನಾನು ಈ ಬರಹಕ್ಕೆ ಕೂತದ್ದೇ ಅವನ ದೆಸೆಯಿಂದ.

1862ರ ಮೇ ತಿಂಗಳಲ್ಲಿ ಡಾರ್ವಿನ್ ಆರ್ಕಿಡ್ ಹೂಗಳ ಬಗ್ಗೆ ಪುಸ್ತಕ ಪ್ರಕಟಿಸಿದ. ಅದರಲ್ಲಿ ಆಕ್ರೊಪೆರಾ ಅನ್ನುವ ಆರ್ಕಿಡ್ ಬಗ್ಗೆ, ತಾನು ನೋಡಿದ ಹೂಗಳು ಬರೀ ಗಂಡು ಹೂಗಳಿರಬೇಕು ಎಂದು ತೀರ್ಮಾನಿಸಿದ್ದ. ನವೆಂಬರಿನಲ್ಲಿ ಎಡಿನ್‌ಬರೋ ಸಸ್ಯೋದ್ಯಾನದಿಂದ ಒಂದು ಕಾಗದ ಬಂತು. ಬರೆದವನು ಅಲ್ಲಿ ಗಿಡ ಎಬ್ಬಿಸುವ ವಿಭಾಗದ ಕೆಲಸಗಾರ, ಇಪ್ಪತ್ತರ ಹರೆಯದವನು, ಹೆಸರು ಜಾನ್ ಸ್ಕಾಟ್. ವಿಶ್ವವಿದ್ಯಾಲಯದ ಪದವಿ ಇಲ್ಲ. ಅವನು ಹೇಳಿದ್ದು ಇಷ್ಟು: ತಾವು ಬರೆದದ್ದು ಸರಿ ಇದ್ದ ಹಾಗಿಲ್ಲ, ಆ ಗಿಡ ನನ್ನ ಕೈಯಲ್ಲಿ ಕಾಯಿ ಕಟ್ಟಿದೆ.

ಡಾರ್ವಿನ್ ಏನು ಮಾಡಬಹುದಿತ್ತು? ಸುಮ್ಮನಿರಬಹುದಿತ್ತು. ಉದ್ಯಾನದ ದೊಡ್ಡವರಿಗೆ ಒಂದು ಮಾತು ಹೇಳಿ ಹುಡುಗನ ಬಾಯಿ ಮುಚ್ಚಿಸಬಹುದಿತ್ತು. ಅವನು ತಕ್ಷಣ ಥ್ಯಾಂಕ್ಸ್ ಹೇಳಿ ಬರೆದ. ತನ್ನದು ತಪ್ಪು ಅಂತ ಒಪ್ಪಿಕೊಂಡ. ಅಲ್ಲಿಗೇ ಬಿಡಲಿಲ್ಲ, ಇನ್ನೂ ಏನೇನು ನೋಡಿದ್ದೀಯ ಹೇಳು ಅಂತ ಕೇಳಿದ. ಕಾಗದಗಳು ಶುರುವಾದವು. ಯಾವ ಪ್ರಯೋಗ ಮಾಡಬೇಕು, ಹೇಗೆ ಲೆಕ್ಕ ಇಡಬೇಕು, ಎಲ್ಲಿ ಅವಸರ ಪಡಬಾರದು, ಎಲ್ಲ. ಸ್ಕಾಟ್ ಬರೆದ ಪ್ರಿಮ್ಯುಲಾ ಗಿಡಗಳ ಪ್ರಬಂಧವನ್ನು ಡಾರ್ವಿನ್ನನೇ 1864ರಲ್ಲಿ ಲಿನ್ನಿಯನ್ ಸೊಸೈಟಿಯ ಮುಂದೆ ತಂದ. ಅಷ್ಟರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟ್‌ಗೆ ಹೊಂದಿಕೆಯಾಗದೆ ಕೆಲಸ ಬಿಟ್ಟ. ಅವನು ಭಾರತಕ್ಕೆ ಹೋಗಲು ಹಡಗಿನ ಖರ್ಚು ಕೊಟ್ಟವನೂ ಡಾರ್ವಿನ್. ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಸ್ಕಾಟ್ ಬೆಳೆದ. ಅಲ್ಲಿಂದಲೂ ಮುಖಭಾವದ ಪ್ರಶ್ನೆಗಳಿಗೆ, ಎರೆಹುಳುವಿನ ಪ್ರಶ್ನೆಗಳಿಗೆ ಉತ್ತರ ಬರೆದ.

ಈ ಕತೆ ಓದಿದಾಗ ನನಗೆ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು. ಕಾರಣ ಇದೆ. ಎರಡು ವರ್ಷದ ಕೆಳಗೆ ನಮ್ಮ ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು, ನಾನು ಮಾಡಿದ ಒಂದು ಶೀಟಿನಲ್ಲಿ ತಪ್ಪು ಹಿಡಿದಳು. ಒಂದೇ ಗ್ರಾಹಕರನ್ನು ಎರಡು ಸಲ ಎಣಿಸಿದ್ದೆ, ಆ ತಿಂಗಳ ಅಂಕಿ ಉಬ್ಬಿಕೊಂಡಿತ್ತು. ಆಕೆ ಎಲ್ಲರನ್ನೂ ಸಿಸಿಯಲ್ಲಿಟ್ಟು, 'ಸರ್, ಇಲ್ಲಿ ಹೀಗಾಗಿದೆಯಾ ಅಂತ ಡೌಟು' ಅಂತ ತುಂಬಾ ಮರ್ಯಾದೆಯಿಂದಲೇ ಬರೆದಿದ್ದಳು. ನಾನು ಎರಡು ನಿಮಿಷದೊಳಗೆ ಉತ್ತರಿಸಿದೆ: ಲೆಟ್ಸ್ ಟೇಕ್ ದಿಸ್ ಆಫ್‌ಲೈನ್. ಆಮೇಲೆ ಕ್ಯಾಬಿನ್ನಿಗೆ ಕರೆದು, ಇಂಥದ್ದನ್ನೆಲ್ಲ ಸಿಸಿ ಹಾಕಿ ಬರೀಬಾರ್ದಮ್ಮ, ಮೊದಲು ನನ್ನ ಹತ್ರ ಬಂದು ಹೇಳ್ಬೇಕು ಅಂತ 'ಮೆಂಟರಿಂಗ್' ಮಾಡಿದೆ. ಮುಂದಿನ ತಿಂಗಳ ವರದಿಯಲ್ಲಿ ಅಂಕಿಯನ್ನು ಸದ್ದಿಲ್ಲದೆ ಸರಿಪಡಿಸಿದೆ. ಅವಳ ಹೆಸರು ಎಲ್ಲೂ ಬರಲಿಲ್ಲ. ಮತ್ತೆ ಅವಳು ಯಾವ ತಪ್ಪನ್ನೂ ಹಿಡಿಯಲಿಲ್ಲ. ಎಂಟು ತಿಂಗಳಿಗೆ ಬೇರೆ ಕಡೆ ಹೋದಳು.

ನಾನು ಕೆಟ್ಟವನೇನಲ್ಲ ಅಂತ ಹೇಳಿಕೊಳ್ಳೋಕೆ ಇಷ್ಟ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡ್ತಾರೆ ಅಂತಲೂ ಹೇಳಬಹುದು. ಆದರೆ ಅದೇ ಪಾಯಿಂಟು. ಎಲ್ಲರೂ ಹಾಗೇ ಮಾಡುವ ಜಾಗದಲ್ಲಿ ತಪ್ಪು ಬದುಕಿಕೊಳ್ಳುತ್ತೆ, ತಪ್ಪು ಹಿಡಿಯುವವರು ಜಾಗ ಖಾಲಿ ಮಾಡ್ತಾರೆ. ನಾವು ಇದಕ್ಕೆ ಟೂಲ್ ಇಲ್ಲ, ಟೈಮ್ ಇಲ್ಲ, ಡೀಪ್ ವರ್ಕ್ ಇಲ್ಲ ಅಂತ ಏನೇನೋ ಕಾರಣ ಕೊಡ್ತೀವಿ. ಇಲ್ಲದ್ದು ನಾಚಿಕೆಯನ್ನು ನುಂಗುವ ಶಕ್ತಿ.

ವಯಸ್ಸು, ಹೆಸರು ಅಡ್ಡ ಬರಲ್ವಾ ಅಂತ ಕೇಳಬಹುದು. ಫ್ಯಾರಡೆಯನ್ನು ನೋಡಿ. 1857ರಲ್ಲಿ ಅವನಿಗೆ ಅರವತ್ತಾರು, ಯೂರೋಪಿಗೇ ಹೆಸರಾದ ಪ್ರಯೋಗವಿಜ್ಞಾನಿ. ಹುಡುಗನಾಗಿದ್ದಾಗ ಪುಸ್ತಕಕ್ಕೆ ಬೈಂಡು ಹಾಕುವ ಅಂಗಡಿಯಲ್ಲಿ ಕೆಲಸ ಕಲಿತವನು, ಗಣಿತ ಬರುತ್ತಿರಲಿಲ್ಲ. ಅವನ 'ಬಲರೇಖೆ'ಗಳ ಕಲ್ಪನೆಗೆ ಗಣಿತದ ರೂಪ ಕೊಟ್ಟ ಪ್ರಬಂಧವನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಕಳಿಸಿದ. ಮ್ಯಾಕ್ಸ್‌ವೆಲ್‌ಗೆ ಆಗ ಇಪ್ಪತ್ತೈದೋ ಇಪ್ಪತ್ತಾರೋ. ಫ್ಯಾರಡೆ ಉತ್ತರ ಬರೆದ: ಇಷ್ಟು ಗಣಿತ ನನ್ನ ವಿಷಯದ ಮೇಲೆ ಬಂದು ಬಿದ್ದದ್ದು ನೋಡಿ ಮೊದಲು ಹೆದರಿಕೆಯೇ ಆಯಿತು, ಆಮೇಲೆ ವಿಷಯ ಅದನ್ನು ಚೆನ್ನಾಗಿ ತಡೆದುಕೊಂಡಿತಲ್ಲ ಅಂತ ಆಶ್ಚರ್ಯವಾಯಿತು. ಅದೇ ನವೆಂಬರಿನಲ್ಲಿ ಇನ್ನೊಂದು ಕಾಗದದಲ್ಲಿ ಕೇಳಿದ: ಗಣಿತಜ್ಞರು ತಮ್ಮ ತೀರ್ಮಾನ ಮುಟ್ಟಿದ ಮೇಲೆ ಅದನ್ನು ಸಾಮಾನ್ಯ ಭಾಷೆಯಲ್ಲೂ ಅಷ್ಟೇ ಪೂರ್ತಿಯಾಗಿ, ಸ್ಪಷ್ಟವಾಗಿ ಹೇಳಬಾರದೇಕೆ? ನಮ್ಮಂಥವರೂ ಪ್ರಯೋಗ ಮಾಡಿ ನೋಡಬಹುದಲ್ಲ? ಅಜ್ಜನ ವಯಸ್ಸಿನವನು ಮೊಮ್ಮಗನ ವಯಸ್ಸಿನವನಿಗೆ ಬರೆದದ್ದು ಇದು. ಜಾರ್ಗನ್ ಬಿಟ್ಟು ಮಾತಾಡಿ ಅನ್ನೋದನ್ನು ಇದಕ್ಕಿಂತ ಚೆನ್ನಾಗಿ ಯಾರೂ ಕೇಳಿಲ್ಲ.

ಇಷ್ಟು ಹೊಗಳಿದೆ ಅಂತ ಆ ಕಾಲವನ್ನು ಪೂಜೆಗೆ ಇಡಬೇಡಿ. ಪೂಜೆ ಮಾಡುವವರ ಮೇಲೂ ನನಗೆ ಅಷ್ಟೇ ತಕರಾರು.

ವ್ಯಾಲೇಸ್ ಪ್ರಕರಣ ತಗೊಳ್ಳಿ. ಆಲ್‌ಫ್ರೆಡ್ ರಸೆಲ್ ವ್ಯಾಲೇಸ್ ಮಲಯ ದ್ವೀಪಗಳಲ್ಲಿ ಹಕ್ಕಿ, ಕೀಟ ಹಿಡಿದು ಮಾರಿ ಬದುಕುತ್ತಿದ್ದವನು. 1858ರಲ್ಲಿ ಟರ್ನಾಟೆ ದ್ವೀಪದಿಂದ ಡಾರ್ವಿನ್ನನಿಗೆ ಒಂದು ಪ್ರಬಂಧ ಕಳಿಸಿದ. ತಾನು ಇಪ್ಪತ್ತು ವರ್ಷದಿಂದ ಗುಟ್ಟಾಗಿ ಬೆಳೆಸಿಕೊಂಡು ಬಂದ ನೈಸರ್ಗಿಕ ಆಯ್ಕೆಯ ತತ್ವ ಅದರಲ್ಲಿತ್ತು. ಡಾರ್ವಿನ್ ಕಂಗಾಲಾಗಿ ಜೂನ್ 18ರಂದು ಗೆಳೆಯ ಲಯಲ್‌ಗೆ ಕಾಗದ ಬರೆದ. ಮನೆಯಲ್ಲಿ ಮಕ್ಕಳಿಗೆ ಕಾಯಿಲೆ. ಹತ್ತು ದಿನಕ್ಕೆ ಒಂದೂವರೆ ವರ್ಷದ ಮಗು ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡಿತು. ಆ ಗೊಂದಲದಲ್ಲಿ ಲಯಲ್ ಮತ್ತು ಹೂಕರ್ ಸೇರಿ ಜುಲೈ 1ರಂದು ಲಿನ್ನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹವನ್ನೂ ಒಟ್ಟಿಗೆ ಓದಿಸಿದರು. ಮೊದಲು ಡಾರ್ವಿನ್ನನದು, ಆಮೇಲೆ ವ್ಯಾಲೇಸನದು. ತನಗೆ ಮುಂಚೆಯೇ ಹೊಳೆದಿತ್ತು ಅನ್ನುವುದಕ್ಕೆ ಡಾರ್ವಿನ್ನನ ಕಡೆ ಸಾಕ್ಷಿಯಾಗಿ ನಿಂತದ್ದೂ ಒಂದು ಕಾಗದವೇ. 1857ರ ಸೆಪ್ಟೆಂಬರಿನಲ್ಲಿ ಅಮೆರಿಕದ ಏಸಾ ಗ್ರೇಗೆ ಬರೆದದ್ದು.

ಡಾರ್ವಿನ್ ಕದ್ದ ಅನ್ನುವ ವಾದ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ವ್ಯಾಲೇಸನ ಕಾಗದ ನಿಜಕ್ಕೂ ಯಾವತ್ತು ತಲುಪಿತು ಅಂತ ವಿದ್ವಾಂಸರು ಹಡಗುಗಳ ವೇಳಾಪಟ್ಟಿ ಹಿಡಿದು ಜಗಳ ಆಡಿದ್ದಾರೆ. ನನಗೆ ಕಳವಿನ ವಾದ ಒಪ್ಪಿಗೆಯಿಲ್ಲ. ಡಾರ್ವಿನ್ 1844ರಲ್ಲೇ ಇನ್ನೂರು ಪುಟ ದಾಟಿದ ಕರಡು ಬರೆದಿಟ್ಟಿದ್ದ. ತಾನು ಸತ್ತರೆ ಅದನ್ನು ಅಚ್ಚು ಹಾಕಿಸಲು 400 ಪೌಂಡ್ ಖರ್ಚು ಮಾಡು ಅಂತ ಹೆಂಡತಿಗೆ ಪತ್ರವನ್ನೂ ಬರೆದಿಟ್ಟಿದ್ದ. ಹೂಕರ್ ಆ ಕರಡನ್ನು ಓದಿದ್ದ. ಆದರೆ ಕಳವಲ್ಲ ಅಂದ ಮಾತ್ರಕ್ಕೆ ನ್ಯಾಯ ಅಂತ ಆಗಲ್ಲ. ವ್ಯಾಲೇಸನ ಬರಹವನ್ನು ಓದಿಸುವ ಮುಂಚೆ ಅವನನ್ನು ಯಾರೂ ಕೇಳಲಿಲ್ಲ. ಕೇಳಿ ಉತ್ತರ ಬರೋಕೆ ತಿಂಗಳುಗಟ್ಟಲೆ ಆಗ್ತಿತ್ತು, ನಿಜ. ಕಾಯಬಹುದಿತ್ತು. ಗೆಳೆಯರ ಗುಂಪು ಕೂತು ಗುಂಪಿನಲ್ಲಿ ಇಲ್ಲದವನ ಪರವಾಗಿ ತೀರ್ಮಾನ ಮಾಡಿತು. ಇದು ನಮಗೆ ಗೊತ್ತಿಲ್ಲದ ವ್ಯವಹಾರವೇ? ಮೀಟಿಂಗಿಗೆ ಕರೆಯದವರ ಬಗ್ಗೆ ಮೀಟಿಂಗಿನಲ್ಲಿ ತೀರ್ಮಾನ ಮಾಡೋದು!

ವ್ಯಾಲೇಸ್ ಬೇಜಾರು ಮಾಡಿಕೊಳ್ಳಲಿಲ್ಲ. 1889ರಲ್ಲಿ ತನ್ನ ಪುಸ್ತಕಕ್ಕೆ 'ಡಾರ್ವಿನಿಸಂ' ಅಂತಲೇ ಹೆಸರಿಟ್ಟ. ಡಾರ್ವಿನ್ನನೂ ಮುಂದೆ ಅವನ ಬಡತನ ಕಂಡು ಕಾಗದದ ಮೇಲೆ ಕಾಗದ ಬರೆದು, ಮೊದಲು ಅಡ್ಡಗಾಲು ಹಾಕಿದ ಹೂಕರ್‌ನನ್ನೂ ಒಪ್ಪಿಸಿ, 1881ರಲ್ಲಿ ವರ್ಷಕ್ಕೆ 200 ಪೌಂಡ್ ಸರ್ಕಾರಿ ಪಿಂಚಣಿ ಕೊಡಿಸಿದ. ಚೆನ್ನಾಗಿದೆ. ಆದರೆ ವ್ಯಾಲೇಸನ ಜೊತೆ ಕಾಡು ಸುತ್ತಿ ಹಕ್ಕಿ ಹೊಡೆದು ಚರ್ಮ ಬಿಡಿಸಿದ ಸಾರವಾಕ್‌ನ ಹುಡುಗ ಅಲಿ? ವ್ಯಾಲೇಸನ ಹೆಸರನ್ನೇ ಹೊತ್ತ ಸ್ವರ್ಗದ ಹಕ್ಕಿಯನ್ನು ಮೊದಲು ಹಿಡಿದು ತಂದವನು ಅಲಿ. ಎಲಿಯಟ್ಟನ ಪಾರಿವಾಳಗಳನ್ನು ಗೂಡಿನಿಂದ ಗೂಡಿಗೆ ಹುಡುಕಿ ತಂದವರು, ಸುಲಿದು ಒಣಗಿಸಿದವರು? ಅವರಿಗೆ ಯಾರೂ ಕಾಗದ ಬರೆಯಲಿಲ್ಲ. 'ಒರಿಜಿನ್'ನ ಕೃತಜ್ಞತೆ ಎಲಿಯಟ್ಟನ ತನಕ ಬಂದು ನಿಂತಿತು.

ಹೆಂಗಸರ ವಿಷಯದಲ್ಲೂ ಹಾಗೇ. ಅಮೆರಿಕದ ಮೇರಿ ಟ್ರೀಟ್ ಕೀಟ ತಿನ್ನುವ ಗಿಡಗಳ ಬಗ್ಗೆ ಬರೆದದ್ದನ್ನು ಡಾರ್ವಿನ್ ಗೌರವದಿಂದ ಓದಿದ, ಪುಸ್ತಕದಲ್ಲಿ ಹೆಸರು ಹಾಕಿದ. ಅದೇ ಡಾರ್ವಿನ್ 1882ರ ಜನವರಿಯಲ್ಲಿ ಕ್ಯಾರೊಲಿನ್ ಕೆನರ್ಡ್ ಎಂಬ ಅಮೆರಿಕನ್ ಮಹಿಳೆಗೆ, ಬುದ್ಧಿಯಲ್ಲಿ ಹೆಂಗಸರು ಗಂಡಸರಿಗಿಂತ ಕೆಳಗೆ ಅನ್ನುವ ಅರ್ಥದಲ್ಲಿ ಬರೆದ. ಆಕೆ ಅದೇ ತಿಂಗಳು ತಿರುಗಿಸಿ ಕೊಟ್ಟಳು: ಗಂಡಸರಿಗೆ ಸಿಕ್ಕ ವಾತಾವರಣ, ಅವಕಾಶ ಹೆಂಗಸರಿಗೂ ಸಿಗಲಿ, ಆಮೇಲೆ ಬುದ್ಧಿ ಅಳೆಯೋಣ. ಸಾವಿರ ಪಾರಿವಾಳಗಳಲ್ಲಿ ಸಾಕಣೆಯ ಪರಿಣಾಮ ಕಂಡವನಿಗೆ ಇದೊಂದು ಕಾಣಲಿಲ್ಲ. ಪಕ್ಕದ ಮನೆಯ ಹೆಂಗಸಿಗೂ ಹೊಳೆಯುವ ಮಾತು, ಮಹಾನ್ ವಿಜ್ಞಾನಿಗೆ ಹೊಳೆಯಲಿಲ್ಲ.

ಇದೆಲ್ಲ ನಮಗೆ ಗೊತ್ತಿರುವುದು ಹೇಗೆ? ಕಾಗದ ಉಳಿದದ್ದರಿಂದ. ಅದೂ ಪೂರ್ತಿ ಉಳಿದಿಲ್ಲ. ವ್ಯಾಲೇಸನ ಆ ಟರ್ನಾಟೆ ಕಾಗದವೇ ಇವತ್ತು ಇಲ್ಲ. ನಮ್ಮ ಹಳೇ ಮನೆಗಳಲ್ಲಿ, ದಿನಸಿ ಅಂಗಡಿಗಳಲ್ಲಿ ಬಂದ ಕಾಗದವನ್ನೆಲ್ಲ ಒಂದು ಚೂಪು ತಂತಿಗೆ ಚುಚ್ಚಿ ನೇತುಹಾಕ್ತಿದ್ದರು, ನೆನಪಿದೆಯಾ? ಡಾರ್ವಿನ್ನನ ಹತ್ತಿರವೂ ಅಂಥವೇ ಕಂಬಿಗಳಿದ್ದವು. ತುಂಬಿದಾಗ ಕಂಬಿ ಖಾಲಿಯಾಗಲಿ ಅಂತ ವರ್ಷಗಟ್ಟಲೆಯ ಕಾಗದ ಬೆಂಕಿಗೆ! 1862ಕ್ಕೆ ಮುಂಚೆ ಬಂದವುಗಳಲ್ಲಿ ಬಹುಪಾಲು ಹೀಗೇ ಹೋದವು. ಆಮೇಲೆ ಯಾರೋ ಬುದ್ಧಿ ಹೇಳಿದ ಮೇಲೆ ಇಟ್ಟುಕೊಳ್ಳಲು ಶುರು ಮಾಡಿದ. ಕೆನರ್ಡ್‌ಳ ಏಟು, ಸ್ಕಾಟ್‌ನ ತಿದ್ದುಪಡಿ ನಮಗೆ ಸಿಕ್ಕಿದ್ದು ಆ ಬುದ್ಧಿಮಾತಿನ ಪುಣ್ಯದಿಂದ.

ಈ ಬರಹಕ್ಕೆ ಕೂರುವ ಮುಂಚೆ ಆ ಹುಡುಗಿಯ ಮೇಲ್ ಇನ್ನೊಂದು ಸಲ ಓದೋಣ, ಅವಳಿಗೆ ಎರಡು ಸಾಲು ಬರೆಯೋಣ ಅಂತ ಹುಡುಕಿದೆ. ಆ ಶೀಟಿನ ಹೆಸರು ಹಾಕಿದೆ, ತಿಂಗಳು ಹಾಕಿದೆ, ಅವಳ ಹೆಸರು ಹಾಕಿದೆ. ಏನೂ ಬರಲಿಲ್ಲ. ನಮ್ಮಲ್ಲಿ ಒಂದು ವರ್ಷ ದಾಟಿದ ಮೇಲ್ ತಾನಾಗಿಯೇ ಅಳಿಸಿ ಹೋಗುತ್ತೆ, ಸ್ಟೋರೇಜ್ ಉಳಿಸೋಕೆ. ನನ್ನ ತಪ್ಪು ಅಂಕಿ ಇದ್ದ ವರದಿ ಮಾತ್ರ ಶೇರ್ಡ್ ಡ್ರೈವಿನಲ್ಲಿ ಹಾಗೇ ಇದೆ, ಮೇಲೆ ನನ್ನ ಹೆಸರಿನ ಜೊತೆ. ಅವಳ ನಂಬರ್ ಇನ್ನೂ ನನ್ನ ಫೋನಿನಲ್ಲಿದೆ. ಇವತ್ತು ರಾತ್ರಿ ಬರೀತೀನಿ. ಯಾವ ಶೀಟು ಅಂತ ಅವಳಿಗೆ ನೆನಪಿರುತ್ತೆ ಅನ್ಸುತ್ತೆ.